ಎಂಟು ವಾರಗಳಲ್ಲಿ ಅಮೆರಿಕದ ಸರ್ಕಾರ: ಒಂದು ಸಂಜೆ ತರಗತಿಯ ವಿಮರ್ಶೆ

ನ್ಯೂಜೆರ್ಸಿಯಲ್ಲಿ ನಮ್ಮ ಮನೆಗೆ ಹತ್ತಿರದ ಸಮುದಾಯ ಕಾಲೇಜೊಂದು ಅಮೆರಿಕದ ರಾಜಕೀಯ ಮತ್ತು ಆಡಳಿತವನ್ನು ಪರಿಚಯಿಸಲು ನಡೆಸುವ ಎಂಟು ವಾರಗಳ ಸಂಜೆ ತರಗತಿಯನ್ನು ಈಚೆಗೆ ಮುಗಿಸಿದೆ. ವರ್ಷಗಟ್ಟಲೆ ಇಲ್ಲಿ ತೆರಿಗೆ ಕಟ್ಟಿಯೂ, ಸೆನೆಟ್‌ಗೂ ಪ್ರತಿನಿಧಿ ಸಭೆಗೂ ಏನು ವ್ಯತ್ಯಾಸವೆಂದು ಮಕ್ಕಳು ಕೇಳಿದರೆ ತಡವರಿಸುವ ನನ್ನಂಥವರಿಗೆ ಕೊಟ್ಟ ಶುಲ್ಕ ದಂಡವಾಗುವುದಿಲ್ಲ.

ಮೂರನೆಯ ವಾರದ ಸೆನೆಟ್ ಪಾಠವೇ ಇಡೀ ತರಗತಿಯ ಜೀವಾಳ. ಅಧ್ಯಾಪಕರು ಮೇಜಿನ ಒಂದು ತುದಿಯಲ್ಲಿ 68 ಒಣ ಬೀನ್ಸ್ ಕಾಳುಗಳನ್ನು ಎಣಿಸಿ ಸುರಿದರು, ಇನ್ನೊಂದು ತುದಿಯಲ್ಲಿ ಒಂದೇ ಒಂದು ಕಾಳಿಟ್ಟರು. 2020ರ ಜನಗಣತಿಯ ಪ್ರಕಾರ ಕ್ಯಾಲಿಫೋರ್ನಿಯಾ ಮತ್ತು ವಯೋಮಿಂಗ್‌ಗಳ ಜನಸಂಖ್ಯೆಯ ಅನುಪಾತವದು. ಆಮೇಲೆ ಎರಡೂ ಕಡೆ ಎರಡೆರಡು ಸೀಮೆಸುಣ್ಣದ ತುಂಡುಗಳನ್ನಿಟ್ಟು, ಇವರು ಸೆನೆಟರುಗಳು ಎಂದರು. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಣ್ಣ ರಾಜ್ಯಗಳು ಪಟ್ಟು ಹಿಡಿದು ಪಡೆದ ಈ ಸಮಾನತೆಯನ್ನು ಯಾವ ರಾಜ್ಯದಿಂದಲೂ ಅದರ ಒಪ್ಪಿಗೆಯಿಲ್ಲದೆ ಕಿತ್ತುಕೊಳ್ಳಬಾರದೆಂದು ಸಂವಿಧಾನದ ಐದನೆಯ ವಿಧಿಯೇ ಹೇಳುತ್ತದೆ. 1913ರ ತಿದ್ದುಪಡಿಗೆ ಮುಂಚೆ ಸೆನೆಟರುಗಳನ್ನು ಆರಿಸುತ್ತಿದ್ದವರು ರಾಜ್ಯಗಳ ಶಾಸಕರು ಎಂದು ಕೇಳಿದಾಗ ನನಗೆ ನಮ್ಮ ರಾಜ್ಯಸಭೆ ನೆನಪಾಯಿತು; ಆದರೆ ಅಲ್ಲಿ ಕರ್ನಾಟಕಕ್ಕೆ 12 ಸ್ಥಾನ, ಉತ್ತರ ಪ್ರದೇಶಕ್ಕೆ 31. ಇಷ್ಟು ತಿಳಿದ ಮೇಲೆ, 2016ರಲ್ಲಿ ದೇಶದಾದ್ಯಂತ ಹೆಚ್ಚು ಮತ ಪಡೆದ ಹಿಲರಿ ಕ್ಲಿಂಟನ್ ಸೋತದ್ದು ಒಗಟಾಗಿ ಉಳಿಯುವುದಿಲ್ಲ: ಅಧ್ಯಕ್ಷರನ್ನು ಆರಿಸುವ 538 ಮತಗಳಲ್ಲಿ ಪ್ರತಿ ರಾಜ್ಯದ ಪಾಲಿಗೆ ಅದೇ ಎರಡು ಸೀಮೆಸುಣ್ಣಗಳೂ ಸೇರಿವೆ, ಜೊತೆಗೆ ಹೆಚ್ಚಿನ ರಾಜ್ಯಗಳು ತಮ್ಮ ಪಾಲನ್ನು ಇಡಿಯಾಗಿ ಗೆದ್ದವರಿಗೇ ಕೊಡುತ್ತವೆ.

ಸುಪ್ರೀಂ ಕೋರ್ಟ್ ಪಾಠ ಚೊಕ್ಕವಾಗಿತ್ತು, ಸ್ವಲ್ಪ ಅವಸರದ್ದು.

ನನ್ನ ತಕರಾರು ಕೊನೆಯ ವಾರದ್ದು. ರಾಜ್ಯ ಸರ್ಕಾರ, ಕೌಂಟಿ, ಊರಾಡಳಿತ, ಶಾಲಾ ಮಂಡಳಿ ಇವೆಲ್ಲವನ್ನೂ ಅರ್ಧ ಗಂಟೆಯಲ್ಲಿ ಮುಗಿಸಿಬಿಟ್ಟರು. ನ್ಯೂಜೆರ್ಸಿ ತನ್ನ ಗವರ್ನರನ್ನು ಅಧ್ಯಕ್ಷೀಯ ಚುನಾವಣೆಯ ಮರುವರ್ಷ, ಅಂದರೆ 2021, 2025ರಂಥ ಬೆಸ ವರ್ಷಗಳಲ್ಲಿ ಆರಿಸುವುದೇಕೆ ಎಂಬ ಒಬ್ಬರ ಪ್ರಶ್ನೆಗೆ ಸಮಯವಿಲ್ಲವೆಂಬುದೇ ಉತ್ತರವಾಯಿತು. ವಾಷಿಂಗ್ಟನ್ನಿಗೆ ಏಳು ವಾರ ಕೊಟ್ಟವರು ನಮ್ಮ ರಸ್ತೆ, ಶಾಲೆ, ಪೊಲೀಸರನ್ನು ನಡೆಸುವವರಿಗೆ ಒಂದು ಸಂಜೆಯನ್ನಾದರೂ ಪೂರ್ತಿಯಾಗಿ ಕೊಡಬೇಕಿತ್ತು. ನನ್ನ ಆಸ್ತಿ ತೆರಿಗೆಯ ಬಿಲ್ಲಿನಲ್ಲಿ ಕೌಂಟಿ, ಊರು, ಶಾಲೆ ಎಂದು ಬೇರೆಬೇರೆ ಸಾಲುಗಳಿದ್ದು, ಅರ್ಧಕ್ಕಿಂತ ಹೆಚ್ಚು ಹಣ ಶಾಲೆಯ ಸಾಲಿಗೇ ಹೋಗುತ್ತದೆ. ಆ ಮೊತ್ತವನ್ನು ಯಾರು, ಹೇಗೆ ನಿಗದಿ ಮಾಡುತ್ತಾರೆಂದು ಕೇಳಲು ಬಿಲ್ಲನ್ನು ಚೀಲದಲ್ಲಿಟ್ಟುಕೊಂಡೇ ಹೋಗಿದ್ದೆ. ಮಡಿಕೆ ಬಿಚ್ಚದೆ ಹಾಗೆಯೇ ಮನೆಗೆ ತಂದೆ.