ಟೋಕಿಯೊದಿಂದ ಒಂದು ದಿನ: ಕಾಮಕುರಾನಾ, ನಿಕ್ಕೋನಾ, ಹಾಕೋನೆನಾ?

ಟೋಕಿಯೊದಲ್ಲಿ ಉಳಿದುಕೊಂಡು ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬರುವಂಥ ಊರು ಯಾವುದು ಅಂತ ಕೇಳಿದರೆ ಈ ಮೂರು ಹೆಸರು ಬಂದೇ ಬರುತ್ತವೆ. ನಾವಿಬ್ಬರೂ ಮೂರನ್ನೂ ನೋಡಿಕೊಂಡು ಬಂದೆವು. ನನಗೆ ಗುಡಿ, ಕೆತ್ತನೆ, ಕಾಡು ಇಷ್ಟ. ಇವರಿಗೆ ರೈಲು, ಸಮುದ್ರ, ಆಮೇಲೆ ತಿಂಡಿ. ಕೈಯಲ್ಲಿ ಒಂದೇ ದಿನ ಇದ್ದರೆ ಕಾಮಕುರಾ ಅನ್ನುವುದರಲ್ಲಿ ನಮ್ಮಿಬ್ಬರಿಗೂ ತಕರಾರಿಲ್ಲ. ಆದರೆ ನನ್ನ ಮನಸ್ಸಿಗೆ ಹಿಡಿಸಿದ್ದು ನಿಕ್ಕೋ.

ಓಡಾಟದಲ್ಲಿ ಕಾಮಕುರಾ ಸಲೀಸು. ಟೋಕಿಯೊ ಸ್ಟೇಷನ್‌ನಿಂದ ಯೊಕೊಸುಕಾ ಲೈನ್ ರೈಲು ಹತ್ತಿದರೆ ಒಂದು ಗಂಟೆ ಸಾಕು. ಸೀಟು ಬುಕ್ ಮಾಡುವ ರಗಳೆ ಇಲ್ಲ, ಮೊದಲೇ ದುಡ್ಡು ತುಂಬಿಸಿಟ್ಟ ಸುಯಿಕಾ ಕಾರ್ಡ್ ಮುಟ್ಟಿಸಿ ಒಳಗೆ ಹೋದರಾಯಿತು. ನಿಕ್ಕೋಗೆ ಅಸಾಕುಸಾದಿಂದ ತೋಬು ಅನ್ನುವ ಖಾಸಗಿ ಕಂಪನಿಯ ಎಕ್ಸ್‌ಪ್ರೆಸ್‌ನಲ್ಲಿ ಹತ್ತಿರ ಹತ್ತಿರ ಎರಡು ಗಂಟೆ, ಸೀಟು ಮೊದಲೇ ತೆಗೆಯಬೇಕು. ಇಳಿದ ಮೇಲೆ ಬಸ್ಸು, ಇಲ್ಲವೇ ಅರ್ಧ ಗಂಟೆ ಏರುದಾರಿ. ಹಾಕೋನೆ ನಡುವೆ ಬರುತ್ತದೆ. ಶಿಂಜುಕುದಿಂದ ರೊಮ್ಯಾನ್ಸ್‌ಕಾರ್ ಅನ್ನುವ ಎಕ್ಸ್‌ಪ್ರೆಸ್ ರೈಲಿನಲ್ಲಿ ಒಂದೂವರೆ ಗಂಟೆಯೊಳಗೆ ಮುಟ್ಟಬಹುದು.

ಕಾಮಕುರಾದ ದೊಡ್ಡ ಬುದ್ಧನನ್ನು ಫೋಟೋದಲ್ಲಿ ಎಲ್ಲರೂ ನೋಡಿರುತ್ತಾರೆ. 1252ರಲ್ಲಿ ಕೆಲಸ ಶುರುವಾದ ಕಂಚಿನ ವಿಗ್ರಹ, 11 ಮೀಟರ್‌ಗಿಂತ ಎತ್ತರ. ಒಂದು ಕಾಲಕ್ಕೆ ಇದರ ಮೇಲೆ ಮಂದಿರ ಇತ್ತು, ಅದು ಹೋದ ಮೇಲೆ ನೂರಾರು ವರ್ಷದಿಂದ ಬುದ್ಧ ಮಳೆ ಬಿಸಿಲಲ್ಲೇ ಕೂತಿದ್ದಾನೆ. ಸ್ವಲ್ಪ ಚಿಲ್ಲರೆ ಕೊಟ್ಟರೆ ವಿಗ್ರಹದ ಹೊಟ್ಟೆಯೊಳಗೇ ಹೋಗಬಹುದು. ಒಳಗೆ ಟೊಳ್ಳು. ಕಂಚನ್ನು ತುಂಡು ತುಂಡಾಗಿ ಎರಕ ಹೊಯ್ದು ಜೋಡಿಸಿದ ಗೆರೆಗಳು ಗೋಡೆ ತುಂಬ ಕಾಣುತ್ತವೆ. ಹೊರಗೆ ನಿಂತು ನೋಡಿದ್ದಕ್ಕಿಂತ ನನಗೆ ಇದೇ ಜಾಸ್ತಿ ಇಷ್ಟವಾಯಿತು.

ಅಲ್ಲಿಂದ ಎನೋದೆನ್ ರೈಲು. 1902ರಲ್ಲಿ ಶುರುವಾದ, ಬರೀ 10 ಕಿಲೋಮೀಟರ್ ಲೈನು. ಮನೆಗಳ ಹಿತ್ತಲಿಗೆ ಅಂಟಿಕೊಂಡೇ ಹೋಗುತ್ತದೆ. ಆಮೇಲೆ ಒಮ್ಮೆಲೇ ಸಮುದ್ರ. ಕೊಶಿಗೋಯೆ ಸ್ಟೇಷನ್ ದಾಟಿದ ಮೇಲಂತೂ ಕಾರುಗಳ ಜೊತೆ ರಸ್ತೆ ಮಧ್ಯದಲ್ಲೇ ಓಡುತ್ತದೆ. ಇವರು ಕಿಟಕಿ ಬಿಟ್ಟು ಕದಲಲಿಲ್ಲ. ಕೊನೆಗೆ ಎನೋಶಿಮಾ ದ್ವೀಪ. ಅಲ್ಲಿನ ದೇವತೆ ಬೆಂಜೈತೆನ್ ನಮ್ಮ ಸರಸ್ವತಿಯೇ, ಕೈಯಲ್ಲಿ ವೀಣೆ ಬದಲು ಬಿವಾ ಅನ್ನುವ ಜಪಾನಿ ತಂತಿವಾದ್ಯ. ಗುಡ್ಡದ ಮೇಲೆ ಒಂದು ಗಂಟೆ ಇದೆ. ಜೋಡಿಗಳು ಅದನ್ನು ಬಾರಿಸಿ, ಹೆಸರು ಬರೆದ ಬೀಗವನ್ನು ಪಕ್ಕದ ಬೇಲಿಗೆ ಹಾಕುತ್ತಾರೆ. "ಬೀಗಕ್ಕೆ ದುಡ್ಡು ಯಾಕೆ, ಸುಮ್ನೆ ಗಂಟೆ ಹೊಡಿ" ಅಂದರು ಇವರು.

ನಿಕ್ಕೋದ ತೋಶೋಗು ಬೇರೆಯೇ ಲೋಕ. 1616ರಲ್ಲಿ ತೀರಿಕೊಂಡ ಶೋಗನ್, ಅಂದರೆ ಸೇನಾ ಆಡಳಿತಗಾರ, ತೊಕುಗಾವಾ ಇಯೆಯಾಸುವಿನ ಗುಡಿ. ಈಗಿನ ಕಟ್ಟಡಗಳಲ್ಲಿ ಹೆಚ್ಚಿನವು 1636ರಲ್ಲಿ ಮೊಮ್ಮಗ ಇಯೆಮಿತ್ಸು ಕಟ್ಟಿಸಿದ್ದು. ಕುದುರೆ ಲಾಯದ ಮೇಲಿನ ಮೂರು ಕೋತಿಗಳ ಮುಂದೆ ಜನ ಮುಗಿಬೀಳುತ್ತಾರೆ, ಫೋಟೋ ತೆಗೆದು ಮುಂದೆ ಹೋಗುತ್ತಾರೆ. ಅಲ್ಲಿ ಇರುವುದು ಅದೊಂದೇ ಅಲ್ಲ. ಒಟ್ಟು ಎಂಟು ಫಲಕಗಳಲ್ಲಿ ಕೋತಿಯ ಇಡೀ ಬಾಳುವೆಯ ಕಥೆ ಇದೆ. ಮಗುವಿನ ಮುಂದಿನ ದಿನ ನೋಡುವ ತಾಯಿ, ಒಂಟಿಯಾಗಿ ಕೂತ ಮರಿ, ಪ್ರೀತಿಯಲ್ಲಿ ಬಿದ್ದು ಪೆಚ್ಚಾದ ಕೋತಿ. ಏಳನೆಯದರಲ್ಲಿ ಜೋಡಿಯ ಎದುರಿಗೆ ದೊಡ್ಡ ಅಲೆ, ಎಂಟನೆಯದರಲ್ಲಿ ಬಸುರಿ ಕೋತಿ. ಗಂಡ ಹೆಂಡತಿ ಒಟ್ಟಿಗೆ ನಿಂತು ನೋಡಬೇಕಾದ್ದು ಇದು, ಅಲ್ವಾ?

ನಿಕ್ಕೋದ ಕಷ್ಟ ಸಮಯದ್ದು. ತೋಶೋಗು ನವೆಂಬರ್‌ನಿಂದ ಮಾರ್ಚ್‌ವರೆಗೆ ಸಂಜೆ 4ಕ್ಕೇ ಮುಚ್ಚುತ್ತದೆ. ಕೆಗೊನ್ ಜಲಪಾತ, ಚೂಜೆಂಜಿ ಕೆರೆ ನೋಡಬೇಕೆಂದರೆ ಘಾಟಿ ರಸ್ತೆಯಲ್ಲಿ ಮತ್ತೆ ಬಸ್ಸು. ಎಲೆ ಕೆಂಪಾಗುವ ಕಾಲದಲ್ಲಿ ಅಲ್ಲಿ ಗಾಡಿಗಳು ತೆವಳುತ್ತವೆ. ಜಲಪಾತ 97 ಮೀಟರ್. ಜೋಗ ನೋಡಿದವರು ಒಂದೇ ದಿನದಲ್ಲಿ ಇದಕ್ಕಾಗಿ ಒದ್ದಾಡಬೇಕಾಗಿಲ್ಲ. ಗುಡಿಗಳನ್ನು ನಿಧಾನಕ್ಕೆ ನೋಡಿ, ಇಲ್ಲವೇ ಒಂದು ರಾತ್ರಿ ಉಳಿಯಿರಿ.

ಹಾಕೋನೆ ಬಗ್ಗೆ ನನಗೆ ಹೇಳಲು ಜಾಸ್ತಿ ಇಲ್ಲ. ಗುಡ್ಡದ ರೈಲು, ಕೇಬಲ್ ಕಾರ್, ರೋಪ್‌ವೇ, ಕೆರೆಯಲ್ಲಿ ಹಡಗು, ಹೀಗೆ ಹತ್ತುವುದು ಇಳಿಯುವುದರಲ್ಲೇ ದಿನ ಕಳೆಯುತ್ತದೆ. ಗಾಳಿ ಜೋರಾದರೆ ರೋಪ್‌ವೇ ನಿಲ್ಲುತ್ತದೆ, ಮೋಡ ಬಂದರೆ ಫ್ಯೂಜಿ ಇಲ್ಲ. ಓವಾಕುದಾನಿ ಅನ್ನುವ ಜ್ವಾಲಾಮುಖಿ ಕಣಿವೆಯಲ್ಲಿ ಗಂಧಕದ ನೀರಲ್ಲಿ ಬೇಯಿಸಿದ ಕರಿ ಮೊಟ್ಟೆ ಸಿಗುತ್ತದೆ. ಒಂದು ತಿಂದರೆ ಏಳು ವರ್ಷ ಆಯಸ್ಸು ಹೆಚ್ಚುತ್ತದಂತೆ. ಇವುಗಳಲ್ಲೆಲ್ಲ ಬೇಕಾದಷ್ಟು ಸಲ ಓಡಾಡಲು ಕೊಳ್ಳುವ ಫ್ರೀ ಪಾಸ್ ಕನಿಷ್ಠ ಎರಡು ದಿನದ್ದೇ ಇರುವುದು, ಅದನ್ನು ನೋಡಿದರೇ ಗೊತ್ತಾಗುತ್ತದೆ ಇದು ಒಂದು ದಿನದ ಊರಲ್ಲ ಅಂತ.

ಸಸ್ಯಾಹಾರಿಗಳು ಒಂದು ವಿಷಯ ಗಮನಿಸಿ. ನಿಕ್ಕೋದಲ್ಲಿ ಯುಬಾ, ಅಂದರೆ ಸೋಯಾ ಹಾಲಿನ ಕೆನೆ, ಎಲ್ಲೆಲ್ಲೂ ಸಿಗುತ್ತದೆ. ಆದರೆ ಅದು ತೇಲುವ ಸಾರಿನಲ್ಲಿ ಹೆಚ್ಚಾಗಿ ಒಣಮೀನಿನ ರಸ ಇರುತ್ತದೆ, ಕೇಳಿಯೇ ತಿನ್ನಿ. ತೋಬು ಸ್ಟೇಷನ್ ಎದುರು ಯುಬಾ ಹಾಕಿ ಕರಿದ ಮಂಜೂ ಮಾರುತ್ತಾರೆ. ಒಳಗೆ ಸಿಹಿ ಹೂರಣ, ಮೇಲೆ ಚಿಟಿಕೆ ಉಪ್ಪು. ನಮ್ಮ ಸುಕ್ಕಿನುಂಡೆಯ ದೂರದ ನೆಂಟ. ಕಾಮಕುರಾದ ಅಂಗಡಿ ಬೀದಿಯಲ್ಲಿ ಎಲ್ಲಿ ನೋಡಿದರೂ ಶಿರಾಸು ಅನ್ನುವ ಪುಟಾಣಿ ಮೀನು, ಹಾಗಾಗಿ ಬೆಳಿಗ್ಗೆಯೇ ಸ್ಟೇಷನ್ನಿನ ಅಂಗಡಿಯಲ್ಲಿ ಉಮೆ (ಹುಳಿ ಉಪ್ಪಿನಕಾಯಿ ಹಣ್ಣು) ಹಾಕಿದ ಒನಿಗಿರಿ, ಅಂದರೆ ಅನ್ನದ ಉಂಡೆ, ಎರಡು ಜಾಸ್ತಿ ತೆಗೆದುಕೊಳ್ಳಿ. ಆದರೆ ಬೀಚಲ್ಲಿ ಬಿಚ್ಚಬೇಡಿ, ಹದ್ದುಗಳು ಹಿಂದಿನಿಂದ ಬಂದು ಕೈಯಿಂದಲೇ ಕಿತ್ತುಕೊಂಡು ಹೋಗುತ್ತವೆ.