ಮೂರು ಕಾಲಿನ ಶಾವಿಗೆ ಒರಳು: ಒತ್ತು ಶಾವಿಗೆ ಮಾಡೋ ಮನೆಗೆ ಇದೇ ಸರಿ

ಶಿವಮೊಗ್ಗ ಗಾಂಧಿ ಬಜಾರಿನ ಒಂದು ಪಾತ್ರೆ ಅಂಗಡೀಲಿ ತಗೊಂಡಿದ್ದು ಇದು. ಕಬ್ಬಿಣದ ಮೂರು ಕಾಲಿನ ಸ್ಟ್ಯಾಂಡು, ಮೇಲೆ ಉದ್ದ ಹಿಡಿ ಇರೋ ತಿರುಪು, ಸ್ಟೀಲಿನ ಡಬ್ಬಿ, ಅಡೀಲಿ ತೂತಿನ ಹಿತ್ತಾಳೆ ಬಿಲ್ಲೆ. ಮಳೆ ಹಿಡೀತು ಅಂದ್ರೆ ನಮ್ಮನೇಲಿ ತಿಂಡಿಗೆ ಕಡುಬು, ಅಕ್ಕಿ ರೊಟ್ಟಿ, ನೀರ್ದೋಸೆ ಬರ್ತಾನೇ ಇರುತ್ವೆ, ಶಾವಿಗೆ ಮಾತ್ರ ಮೊದ್ಲೆಲ್ಲ ನೆಂಟರು ಬಂದಾಗ ಅಷ್ಟೆ, ಯಾಕಂದ್ರೆ ಒತ್ತೋಕೆ ಗಟ್ಟಿ ಆಳು ಬೇಕಿತ್ತು. ಹಳೇ ಮರದ ಒರಳಲ್ಲಂತೂ ಒಬ್ರು ಮೈಭಾರ ಬಿಟ್ಟು ಒತ್ತಬೇಕಿತ್ತು. ಈಗ ಎಪ್ಪತ್ತು ದಾಟಿರೋ ನಮ್ಮತ್ತೆನೇ ಹಿಡಿ ತಿರುಗಿಸ್ತಾರೆ, ನಾನು ಕೆಳಗೆ ಬಾಳೆಲೆ ಹಿಡಿದು ಸುತ್ತಿಸ್ತಾ ಎಳೆ ಇಳಿಸ್ಕೊಳ್ತೀನಿ, ಅಷ್ಟೇ ಕಣ್ರೀ ಕೆಲಸ.

ಶಾವಿಗೇಲಿ ಎಲ್ಲ ಇರೋದು ಬಿಸೀಲೇ. ಬೆಂದ ಅಕ್ಕಿ ಮುದ್ದೆ ಆರ್ತಾ ಆರ್ತಾ ಬಿಗಿ ಆಗುತ್ತೆ, ಚಕ್ಲಿ ಒರಳಿನ ಥರದ್ದನ್ನ ಕೈಯಲ್ಲಿ ಹಿಡಿದು ಒತ್ತೋ ಹೊತ್ತಿಗೆ ಅರ್ಧ ಉಂಡೆ ಕಲ್ಲಾಗಿ ಎಳೆ ತುಂಡು ತುಂಡು ಬೀಳುತ್ತೆ. ತಿರುಪಿಂದು ಹಂಗಲ್ಲ, ಹಿಡಿ ಉದ್ದ ಇರೋದ್ರಿಂದ ಸ್ವಲ್ಪ ಬಲ ಹಾಕಿದ್ರೂ ಒಳಗೆ ಜೋರಾಗಿ ಒತ್ತುತ್ತೆ, ಉಂಡೆ ಹಬೆ ಆಡ್ತಿರುವಾಗ್ಲೇ ಎಳೆ ಉದ್ದಕ್ಕೆ ಇಳಿದು ಮುಗಿದಿರುತ್ತೆ.

ನಾವು ಮಾಡೋದು ಹೀಗೆ: 2 ಲೋಟ ಅಕ್ಕಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಒಂದು ಹಿಡಿ ಕಾಯಿತುರಿ ಹಾಕಿ ನುಣ್ಣಗೆ ರುಬ್ಬಿ, ನೀರ್ದೋಸೆ ಹಿಟ್ಟಿನಷ್ಟು ತೆಳ್ಳಗೆ ಮಾಡಿ ಉಪ್ಪು, ಒಂದು ಚಮಚ ಕೊಬ್ಬರಿ ಎಣ್ಣೆ ಹಾಕಿ ಸಣ್ಣ ಉರೀಲಿ ಬಾಣಲೇಲಿ ಕೈ ಬಿಡದೆ ಮಗುಚಬೇಕು, ತಳ ಬಿಟ್ಟು ಮುದ್ದೆ ಆದ್ಮೇಲೆ ಒದ್ದೆ ಕೈಯಲ್ಲಿ ಉಂಡೆ ಕಟ್ಟಿ ಇಡ್ಲಿ ಪಾತ್ರೇಲಿ 20 ನಿಮಿಷ ಬೇಯಿಸಿ. ಎಲ್ಲಾ ಉಂಡೆ ಒಟ್ಟಿಗೆ ಹೊರಗೆ ತೆಗೀಬೇಡಿ, ಒಂದು ಒತ್ತಿ ಆದ್ಮೇಲೆ ಇನ್ನೊಂದು. ಹಳೇ ಅಕ್ಕಿ ಇದ್ರೆ ಎಳೆ ಬಿಡಿ ಬಿಡಿಯಾಗಿ ಬರುತ್ತೆ, ಹೊಸ ಅಕ್ಕಿದು ಅಂಟುತ್ತೆ.

ತಗೊಳ್ಳೋವಾಗ ಒಂದನ್ನ ಮಾತ್ರ ಬಿಡದೆ ನೋಡಿ: ಒಳಗೆ ಒತ್ತೋ ಬಿಲ್ಲೆಗೂ ಡಬ್ಬಿಗೂ ಸಂದು ಇರಬಾರ್ದು, ಸಂದು ಇದ್ರೆ ಹಿಟ್ಟು ಕೆಳಗೆ ಇಳಿಯೋ ಬದ್ಲು ಮೇಲಕ್ಕೆ ಉಕ್ಕುತ್ತೆ. ಅಂಗಡೀಲೇ ಹಿಡಿ ಪೂರ್ತಿ ತಿರುಗಿಸಿ ನೋಡಿ, ಅಲ್ಲಾಡಬಾರ್ದು. ತಿರುಪಿಗೆ ಗ್ರೀಸ್ ಬಳಿದಿರ್ತಾರೆ, ಮೊದಲು ಬಿಸಿನೀರು ಸೋಪಲ್ಲಿ ಚೆನ್ನಾಗಿ ತೊಳ್ದು ಆಮೇಲೆ ಕೊಬ್ಬರಿ ಎಣ್ಣೆ ಸವರಿ.

ತೊಂದರೆ ಇಲ್ಲ ಅಂತಲ್ಲ. ಟೈಲ್ಸ್ ನೆಲದ ಮೇಲೆ ಒರಳಿನ ಕಾಲು ಜಾರುತ್ತೆ, ಒದ್ದೆ ಗೋಣಿಚೀಲ ಹಾಸಿದ್ರೆ ನಿಲ್ಲುತ್ತೆ. ನಮ್ಮ ಮಳೆಗಾಲಕ್ಕೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತೆ, ಒರೆಸಿ ಎಣ್ಣೆ ಹಚ್ಚಿ ಇಡ್ಲೇಬೇಕು. ಬಿಲ್ಲೆ ತಕ್ಷಣ ನೀರಿಗೆ ಹಾಕದಿದ್ರೆ ತೂತಲ್ಲಿ ಹಿಟ್ಟು ಒಣಗಿ ಪೊರಕೆ ಕಡ್ಡೀಲಿ ಒಂದೊಂದೇ ಚುಚ್ಚಿ ಬಿಡಿಸ್ಬೇಕಾಗುತ್ತೆ.

ಬಿಸಿ ಶಾವಿಗೆಗೆ ಬೆಲ್ಲ ಏಲಕ್ಕಿ ಹಾಕಿದ ಕಾಯಿಹಾಲು ಹುಯ್ಕೊಂಡು ತಿನ್ನೋ ಸುಖವೇ ಬೇರೆ ಮಾರಾಯ್ರೆ, ಕೋಳಿಸಾರಿಗೂ ಅಷ್ಟೇ ಚೆಂದ. ಉಳಿದ್ರೆ ಸಂಜೆಗೆ ನಿಂಬೆಹುಳಿ ಒಗ್ಗರಣೆ. ಇಬ್ರೇ ಇರೋ ಮನೆಗೆ ಇದು ದೊಡ್ಡದಾಯ್ತು, ನಾಲ್ಕೈದು ಜನ ಇದ್ದು ತಿಂಗಳಿಗೆ ಎರಡ್ಮೂರು ಸಲ ಮಾಡೋರಾದ್ರೆ ಧೈರ್ಯವಾಗಿ ತಗೊಳ್ಳಿ.