ಮಂಡಿಗೆ ಮೂರು ಸಾಧನ ಕಟ್ಟಿ ನೋಡಿದೆ, ಉಳಿದದ್ದು ಬಿಪಿ ಪಟ್ಟಿ

ಹೋದ ವರ್ಷ ಮಳೆಗಾಲದಲ್ಲಿ ಸ್ಕೂಟರ್ ಜಾರಿ ಎಡ ಮಂಡಿಯ ಕೆಳಗಿನ ಮೂಳೆ ಮುರಿಯಿತು. ಪ್ಲೇಟ್ ಹಾಕಿದರು. ಆರು ವಾರ ಕಾಲು ಊರುವ ಹಾಗಿರಲಿಲ್ಲ. ಅಷ್ಟರಲ್ಲಿ ತೊಡೆ ಬಡಕಲಾಗಿತ್ತು. ಮನೆಗೆ ಬರುತ್ತಿದ್ದ ಫಿಸಿಯೋ "ತೊಡೆ ಬಿಗಿ ಮಾಡಿ ಮೇಡಂ" ಅನ್ನುತ್ತಿದ್ದರು. ನನಗೇನೋ ಬಿಗಿ ಮಾಡಿದ ಹಾಗೇ ಅನಿಸುತ್ತಿತ್ತು, ಕೈಯಿಟ್ಟು ನೋಡಿದರೆ ಮೆತ್ತಗೆ. ಮಂಡಿಯೊಳಗೆ ಊತ ಇರುವಾಗ ತೊಡೆಯ ಸ್ನಾಯುವಿಗೆ ಹೋಗುವ ನರದ ಸಂದೇಶವೇ ಕಮ್ಮಿ ಆಗುತ್ತದಂತೆ. ನಾವು ಮನಸ್ಸು ಮಾಡಿದರೂ ಅದು ಪೂರ್ತಿ ಏಳುವುದಿಲ್ಲ. ಅದಕ್ಕೇ ಕೆಲಸ ಆಗ್ತಿದೆಯೋ ಇಲ್ಲವೋ ಅಂತ ಕಣ್ಣಿಗೋ ಕಿವಿಗೋ ತಿಳಿಸುವ ಏನಾದರೂ ಒಂದು ಬೇಕಾಗುತ್ತದೆ.

ನಾನು ಮೂರು ಬಳಸಿದೆ. ತೊಡೆಗೆ ಸ್ಟಿಕ್ಕರ್ ಅಂಟಿಸುವ ಇಎಂಜಿ ಬಯೋಫೀಡ್‌ಬ್ಯಾಕ್ ಯಂತ್ರ, ಕಾಲಿಗೆ ಪಟ್ಟಿ ಕಟ್ಟಿ ಮೊಬೈಲ್‌ನಲ್ಲಿ ಮಂಡಿಯ ಕೋನ ತೋರಿಸುವ ಸೆನ್ಸರ್, ಮತ್ತೆ ಡಾಕ್ಟರ ಮೇಜಿನ ಮೇಲೆ ಇರುತ್ತಲ್ಲ, ಮುಳ್ಳಿನ ಬಿಪಿ ಮೆಷಿನ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬಿಪಿ ಮೆಷಿನ್‌ಗೆ. ಅದಕ್ಕೆ ಕೊಟ್ಟದ್ದು 900 ರೂಪಾಯಿ. ಇಎಂಜಿ ಯಂತ್ರಕ್ಕೆ 16,000.

ಇಎಂಜಿ ಕೆಟ್ಟದ್ದು ಅಂತ ಖಂಡಿತ ಹೇಳುವುದಿಲ್ಲ. ಸ್ನಾಯು ಬಿಗಿಯಾಗುವಾಗ ಹುಟ್ಟುವ ಮೈಕ್ರೋವೋಲ್ಟ್ ಲೆಕ್ಕದ ವಿದ್ಯುತ್ತನ್ನು ಅದು ಚರ್ಮದ ಮೇಲಿಂದಲೇ ಹಿಡಿಯುತ್ತದೆ. ಹೊರಗೆ ಏನೂ ಅಲುಗಾಡದಿದ್ದರೂ ಒಳಗೆ ಜೀವ ಇದೆ ಅಂತ ತೋರಿಸುತ್ತದೆ. ಮೊದಲ ದಿನ ಪರದೆಯ ಮೇಲೆ ಗೆರೆ ಒಂದಿಷ್ಟು ಮೇಲೆದ್ದಾಗ ನನಗೆ ಅಳುವೇ ಬಂದಿತ್ತು. ಆ ಧೈರ್ಯ ಬೇರೆ ಯಾವುದರಿಂದಲೂ ಸಿಗಲಿಲ್ಲ.

ತೊಂದರೆ ಶುರುವಾದದ್ದು ಎರಡನೇ ವಾರ. 40 ಮೈಕ್ರೋವೋಲ್ಟ್ ದಾಟಿದರೆ ಬೀಪ್ ಅನ್ನುವ ಹಾಗೆ ಇಟ್ಟಿದ್ದೆ. ದಿನದಿಂದ ದಿನಕ್ಕೆ ಬೀಪ್ ಜಾಸ್ತಿಯಾಯಿತು, ನನಗೆ ಖುಷಿಯೋ ಖುಷಿ. ಒಂದು ಸಂಜೆ ಪಕ್ಕದಲ್ಲಿ ಬೀನ್ಸ್ ನಾರು ತೆಗೆಯುತ್ತಾ ಕೂತಿದ್ದ ಅಮ್ಮ ಕೇಳಿದರು: "ಲೇ, ನೀನು ಸುಮ್ನೆ ಮಲಗಿದ್ರೂ ಅದು ಕೂಗ್ತಿದೆಯಲ್ಲೇ?" ಹೌದು, ಕಾಲು ಪೂರ್ತಿ ಸಡಿಲ ಬಿಟ್ಟಿದ್ದೆ. ಆದರೂ ಬೀಪ್ ಬರುತ್ತಲೇ ಇತ್ತು.

ಕಾರಣ ಹಿಡಿಯಲು ಮೂರು ದಿನ ಬೇಕಾಯಿತು. ಮಂಚದ ತಲೆದಿಂಬಿನ ಹತ್ತಿರ ಎಕ್ಸ್‌ಟೆನ್ಷನ್ ಬೋರ್ಡ್ ಇತ್ತು, ಅದರಲ್ಲೇ ಮೊಬೈಲ್ ಚಾರ್ಜರ್, ಟೇಬಲ್ ಫ್ಯಾನ್ ಎಲ್ಲ. ನಮ್ಮ ಮನೆ ಕರೆಂಟು ಸೆಕೆಂಡಿಗೆ 50 ಸಲ ಹೊಯ್ದಾಡುತ್ತದೆ. ಆ ಗುಂಯ್ ಸದ್ದನ್ನೂ ಯಂತ್ರ ಸ್ನಾಯುವಿನದ್ದು ಅಂತಲೇ ಲೆಕ್ಕ ಹಾಕುತ್ತಿತ್ತು. ಅದರ ಮೇಲೆ ನಾನು ದುಡ್ಡು ಉಳಿಸಲು ಒಂದೇ ಜೊತೆ ಸ್ಟಿಕ್ಕರನ್ನು ವಾರವಿಡೀ ಬಳಸಿದ್ದೆ. ಜೆಲ್ ಒಣಗಿ ಅಂಚು ಎದ್ದಿತ್ತು. ಚರ್ಮಕ್ಕೆ ಸರಿಯಾಗಿ ಅಂಟದಿದ್ದರೆ ಹೊರಗಿನ ಗದ್ದಲ ಇನ್ನೂ ಜಾಸ್ತಿ ಒಳಗೆ ಬರುತ್ತದೆ. ಬೋರ್ಡಿನಿಂದ ದೂರಕ್ಕೆ ಜಾಗ ಬದಲಿಸಿ, ಚರ್ಮ ಚೆನ್ನಾಗಿ ಒರೆಸಿ, ಹೊಸ ಸ್ಟಿಕ್ಕರ್ ಹಾಕಿದಾಗ ಸಡಿಲ ಬಿಟ್ಟ ಕಾಲಿಗೆ 3, ಬಿಗಿ ಮಾಡಿದರೆ 22. ಅಷ್ಟು ದಿನ ನನ್ನನ್ನು ಹೊಗಳುತ್ತಿದ್ದದ್ದು ಗೋಡೆಯ ಕರೆಂಟು. ಆ ದಿನಗಳಲ್ಲಿ ನಾನು ನಿಜವಾಗಿ ಶ್ರಮ ಹಾಕಿರಲಿಲ್ಲ, ಯಾಕೆಂದರೆ ಹಾಕುವ ಅಗತ್ಯವೇ ಕಂಡಿರಲಿಲ್ಲ. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ. ಕೊಳ್ಳುವವರು ದಯವಿಟ್ಟು ಪ್ರತಿ ದಿನ ಮೊದಲು ಕಾಲು ಸಡಿಲ ಬಿಟ್ಟು ಅಂಕಿ ನೋಡಿ, ಆಮೇಲೆ ಶುರು ಮಾಡಿ. ಸ್ಟಿಕ್ಕರ್ ಖರ್ಚನ್ನೂ ಯಂತ್ರದ ಬೆಲೆಗೆ ಸೇರಿಸಿಕೊಳ್ಳಿ.

ಮೊಬೈಲ್ ಸೆನ್ಸರ್ ಬಗ್ಗೆ ಹೆಚ್ಚಿಗೆ ಹೇಳುವುದಿಲ್ಲ. ಒಂದು ತಿಂಗಳು ಬಾಡಿಗೆಗೆ ತಂದಿದ್ದೆ. ಮಂಡಿ ಮಡಿಸುವ ಕೋನ ನೋಡಲು ಚೆನ್ನಾಗಿದೆ, ಆಟದ ಥರ ಇರುವುದರಿಂದ ಬೇಜಾರಾಗುವುದಿಲ್ಲ. ಆದರೆ ಪಟ್ಟಿ ಜಾರಿದರೆ ಕೋನವೂ ತಪ್ಪುತ್ತದೆ, ಸೊಂಟ ಎತ್ತಿ ಕಾಲು ಎಳೆದರೂ ಅಂಕ ಕೊಡುತ್ತದೆ. ಆ ಕಳ್ಳಾಟ ನನಗೆ ಗೊತ್ತಾದದ್ದು ಬೀರು ಕನ್ನಡಿಯಲ್ಲಿ.

ಇನ್ನು ಬಿಪಿ ಪಟ್ಟಿ, ಅಂದರೆ ಬಿಪಿ ಮೆಷಿನ್‌ನಲ್ಲಿ ತೋಳಿಗೆ ಸುತ್ತುವ ಗಾಳಿಯ ಪಟ್ಟಿ. ಫಿಸಿಯೋನೇ ತೋರಿಸಿಕೊಟ್ಟದ್ದು. ಕಾಲು ಚಾಚಿ ಕೂತು ಪಟ್ಟಿಯನ್ನು ಮಡಿಸಿ ಮಂಡಿಯ ಅಡಿಗೆ ಇಡುವುದು, ಮುಳ್ಳು 40ಕ್ಕೆ ಬರುವ ತನಕ ಗಾಳಿ ತುಂಬುವುದು, ತಿರುಪು ಬಿಗಿ ಮಾಡಿ ಮಂಡಿಯಿಂದ ಕೆಳಗೆ ಒತ್ತುವುದು. ನನ್ನದು ಶುರುವಿನಲ್ಲಿ 46ಕ್ಕೆ ನಿಂತಿತ್ತು, ಅದೂ ನಡುಗುತ್ತಾ. ಐದು ಎಣಿಸುವಷ್ಟರಲ್ಲಿ ಮುಳ್ಳು ಕೆಳಗೆ ಜಾರುತ್ತಿತ್ತು. ಎರಡು ತಿಂಗಳಿಗೆ 80ಕ್ಕೆ ಏರಿಸಿ ಹತ್ತು ಸೆಕೆಂಡ್ ಹಿಡಿಯುವಂತಾದೆ. ಇಲ್ಲೂ ಪೃಷ್ಠದಿಂದ ಒತ್ತಿ ಮೋಸ ಮಾಡಬಹುದು, ಹಾಗಾಗಿ ಒಂದು ಕೈ ತೊಡೆಯ ಮೇಲೆ ಇರಲೇಬೇಕು. ಇದು ಸ್ನಾಯುವನ್ನಲ್ಲ, ಒತ್ತಡವನ್ನು ಅಳೆಯುತ್ತದೆ, ನಿಜ. ಆದರೆ ಚಾರ್ಜ್ ಬೇಡ, ಸ್ಟಿಕ್ಕರ್ ಬೇಡ, ಬೆಳಿಗ್ಗೆ ಕಾಫಿ ಕುಡಿಯುತ್ತಲೇ ಮಾಡಬಹುದು. ಸ್ಕೂಲಿಗೆ ಹೊರಡುವ ಗಡಿಬಿಡಿಯಲ್ಲಿ ನನ್ನಂಥವಳು ತಪ್ಪದೆ ಮಾಡಿದ್ದು ಇದೊಂದೇ.

ಇನ್ನೊಂದು ಅನುಕೂಲ, ಡಯಲ್ ತಿರುಗಿಸಿ ಇಡಬಹುದು. ಫಿಸಿಯೋ ಹೇಳಿದ ಸಂಗತಿ ಇದು: 1990ರಲ್ಲಿ ವಿನ್‌ಸ್ಟೀನ್ ಮತ್ತು ಶ್ಮಿಟ್ ಅನ್ನುವವರು ಕೈಯಲ್ಲಿ ಲಿವರ್ ಆಡಿಸುವ ಪ್ರಯೋಗ ಮಾಡಿದ್ದರು. ಪ್ರತಿ ಸಲ ಫಲಿತಾಂಶ ತಿಳಿದವರಿಗಿಂತ ಅರ್ಧ ಸಲ ಮಾತ್ರ ತಿಳಿದವರಿಗೆ ಕಲಿತದ್ದು ಹೆಚ್ಚು ಉಳಿಯಿತು. ಹಾಗಾಗಿ ನಾನು ಕಣ್ಣು ಮುಚ್ಚಿ ಒತ್ತಿ, 60 ಬಂದಿರಬಹುದು ಅಂತ ಅಂದಾಜು ಮಾಡಿ, ಆಮೇಲೆ ಮುಳ್ಳು ನೋಡುತ್ತಿದ್ದೆ.

ಕಾಲಿಗೆ ಭಾರ ಕೊಡಲು ಡಾಕ್ಟರ್ ಒಪ್ಪಿದ ಮೇಲೆ ಮುಳ್ಳಿನ ತೂಕದ ಯಂತ್ರ ಸಾಕಾಯಿತು. 15 ಕೆಜಿ ಅಂದರೆ ಎಷ್ಟು ಅಂತ ಕಾಲಿಗೆ ಗೊತ್ತಾಗುವುದೇ ಅದರ ಮೇಲೆ ನಿಂತಾಗ. ಡಿಜಿಟಲ್ ಬೇಡ, ಒಂದು ಅಂಕಿ ತೋರಿಸಿ ಅಲ್ಲೇ ನಿಂತುಬಿಡುತ್ತದೆ.

ಸ್ಟ್ರೋಕ್ ಆಗಿಯೋ ನರಕ್ಕೆ ಪೆಟ್ಟಾಗಿಯೋ ಸ್ನಾಯು ಅಲುಗಾಡದೇ ಇರುವವರಿಗೆ ಇಎಂಜಿಯೇ ಬೇಕಾಗಬಹುದು. ಹಾಗಿದ್ದರೆ ಕೊಳ್ಳುವ ಮೊದಲು ಅದು ಇರುವ ಫಿಸಿಯೋ ಸೆಂಟರ್‌ನಲ್ಲಿ ನಾಲ್ಕು ಸಲ ಬಳಸಿ ನೋಡಿ. ನನ್ನ ಜೇಬಿಗೆ, ನನ್ನ ಮಂಡಿಗೆ ಅದು ಜಾಸ್ತಿಯಾಯಿತು.

ಬಿಪಿ ಪಟ್ಟಿ ಈಗ ಚಿಕ್ಕಮ್ಮನ ಮನೆಯಲ್ಲಿದೆ. ಮಣಿಕಟ್ಟು ಮುರಿದು ಹಿಡಿತ ಹೋಗಿತ್ತು. ಪಟ್ಟಿಯನ್ನು ಸುರುಳಿ ಸುತ್ತಿ, 20ಕ್ಕೆ ಗಾಳಿ ತುಂಬಿ, ಮುಷ್ಟಿಯಲ್ಲಿ ಹಿಂಡುತ್ತಾರೆ. ನಿನ್ನೆ ರಾತ್ರಿ ಫೋನ್ ಮಾಡಿದ್ದರು. "70ಕ್ಕೆ ಹೋಯ್ತು ಕಣೇ, ಇವತ್ತು ಚಪಾತಿ ಹಿಟ್ಟು ನಾನೇ ಕಲಸಿದೆ."